ಟೀ ಲೋಟದ ಲೆಕ್ಕ: ಕೆಫೀನ್ ಎಷ್ಟು, ಕುಡಿಯುವ ಹೊತ್ತು ಯಾವುದು?

ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಸಗಣಿ ಬಾಚಿ, ಕೆಚ್ಚಲು ತೊಳೆದು, ಹಾಲು ಕರೆದು, ಕ್ಯಾನು ಹಿಡಿದು ಡೇರಿಯ ಸಾಲಿನಲ್ಲಿ ನಿಂತು ಮನೆಗೆ ಬರುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಅಷ್ಟು ಹೊತ್ತಿಗೆ ಸರ್ಜಾಪುರದ ಸುತ್ತಮುತ್ತಲ ನಮ್ಮ ಎಷ್ಟೋ ಹಾಲು ಉತ್ಪಾದಕ ಮಹಿಳೆಯರ ಹೊಟ್ಟೆಗೆ ಬಿದ್ದಿರುವುದು ಟೀ ಒಂದೇ. ಎದ್ದ ಕೂಡಲೇ ಒಂದು ಲೋಟ, ಡೇರಿಯಿಂದ ಬಂದು ಒಂದು, ತಿಂಡಿಯ ಜೊತೆ ಒಂದು, ಮಧ್ಯಾಹ್ನ ಊಟವಾದ ಮೇಲೆ ಒಂದು, ಸಂಜೆ ಹಾಲು ಕರೆಯುವ ಮುಂಚೆ ಒಂದು, ಡೇರಿಗೆ ಹಾಕಿ ಬಂದ ಮೇಲೆ ಇನ್ನೊಂದು. ನೆಂಟರು ಬಂದರೆ ಅದು ಬೇರೆ ಲೆಕ್ಕ.

ಈ ಟೀ ವಿಷಯದಲ್ಲಿ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಟೀ ಕುಡಿದರೆ ರಕ್ತ ಒಣಗುತ್ತದೆ ಎಂದು ಅತ್ತೆ ಹೇಳುತ್ತಾರೆ. ಕಾಫಿಗಿಂತ ಟೀ ವಾಸಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಗ್ರೀನ್ ಟೀ ಕುಡಿದರೆ ಏನೂ ಆಗುವುದಿಲ್ಲ ಎನ್ನುವುದು ಕಂಪನಿಗೆ ಹೋಗುವ ಮಗಳ ವಾದ. ಇವರಲ್ಲಿ ಯಾರ ಮಾತು ಸರಿ? ಎಲ್ಲರ ಮಾತಿನಲ್ಲೂ ಸ್ವಲ್ಪ ನಿಜವಿದೆ. ಯಾವುದು ಎಷ್ಟು ನಿಜ ಎಂದು ತಿಳಿಯಬೇಕಾದರೆ ಒಂದೊಂದನ್ನೇ ಅಳೆದು ನೋಡಬೇಕು.

ಕೆಫೀನ್ ಎಂದರೆ ಏನು?

ಟೀ ಕುಡಿದ ಅರ್ಧ ಗಂಟೆಯಲ್ಲಿ ಮೈಗೆ ಚುರುಕು ಬರುತ್ತದೆ, ತೂಕಡಿಕೆ ಹೋಗುತ್ತದೆ. ಹೀಗೆ ಮಾಡುವ ವಸ್ತುವೇ ಕೆಫೀನ್. ಇದು ಶಕ್ತಿ ಕೊಡುವ ಆಹಾರವಲ್ಲ. ನಮ್ಮ ಮೆದುಳಿನಲ್ಲಿ ದಣಿವಿನ ಸೂಚನೆ ಕೊಡುವ ವಸ್ತುವಿನ ಕೆಲಸವನ್ನು ಇದು ಸ್ವಲ್ಪ ಹೊತ್ತು ತಡೆದು ನಿಲ್ಲಿಸುತ್ತದೆ. ದಣಿವು ಇದ್ದೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೆ.

1819ರಲ್ಲಿ ಜರ್ಮನಿಯ ರುಂಗೆ ಎಂಬ ರಸಾಯನ ವಿಜ್ಞಾನಿ ಕಾಫಿ ಬೀಜದಿಂದ ಇದನ್ನು ಮೊದಲು ಬೇರ್ಪಡಿಸಿದರು. ಟೀಯಲ್ಲಿರುವುದು ಬೇರೆಯದೇ ವಸ್ತು ಎಂದು ಕೆಲವು ವರ್ಷ ಜನ ನಂಬಿದ್ದರು. ಎರಡೂ ಒಂದೇ ಎಂದು ಆಮೇಲೆ ಗೊತ್ತಾಯಿತು. ಹಾಗಾಗಿ ಟೀಯ ಕೆಫೀನ್ ಒಳ್ಳೆಯದು, ಕಾಫಿಯದು ಕೆಟ್ಟದ್ದು ಎನ್ನುವಂತಿಲ್ಲ. ಎಷ್ಟು ಕುಡಿದೆವು ಎಂಬುದೇ ಮುಖ್ಯ.

ಯಾವುದರಲ್ಲಿ ಎಷ್ಟು?

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಭಾರತೀಯರಿಗಾಗಿ ಆಹಾರ ಮಾರ್ಗಸೂಚಿ ಹೊರತಂದಿತು. ಟೀ, ಕಾಫಿಯ ಲೆಕ್ಕ ಅದರಲ್ಲಿದೆ. ಕೆಳಗಿನ ಮೊದಲ ಮೂರು ಅಂಕಿಗಳು ಅದರವು. ಎನರ್ಜಿ ಡ್ರಿಂಕಿನದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ. ಉಳಿದವು ಸಾಮಾನ್ಯವಾಗಿ ಕಂಡುಬರುವ ಪ್ರಮಾಣ.

• ಟೀ, 150 ಮಿಲಿ ಲೀಟರ್: 30ರಿಂದ 65 ಮಿಲಿಗ್ರಾಂ
• ಇನ್‌ಸ್ಟಂಟ್ ಕಾಫಿ, 150 ಮಿಲಿ ಲೀಟರ್: 50ರಿಂದ 65 ಮಿಲಿಗ್ರಾಂ
• ಪುಡಿಯಿಂದ ಇಳಿಸಿದ ಕಾಫಿ, 150 ಮಿಲಿ ಲೀಟರ್: 80ರಿಂದ 120 ಮಿಲಿಗ್ರಾಂ
• ಕೋಲಾ, 300 ಮಿಲಿ ಲೀಟರ್: ಸುಮಾರು 30 ಮಿಲಿಗ್ರಾಂ
• ಎನರ್ಜಿ ಡ್ರಿಂಕ್, 250 ಮಿಲಿ ಲೀಟರಿನ ಡಬ್ಬಿ: 75 ಮಿಲಿಗ್ರಾಂವರೆಗೆ
• ಹಾಲಿನ ಚಾಕೊಲೇಟ್, 40 ಗ್ರಾಂ: 10 ಮಿಲಿಗ್ರಾಂ ಒಳಗೆ
• ಕಪ್ಪು ಚಾಕೊಲೇಟ್, 40 ಗ್ರಾಂ: ಸುಮಾರು 20ರಿಂದ 30 ಮಿಲಿಗ್ರಾಂ
• ತಲೆನೋವಿನ ಕೆಲವು ಮಾತ್ರೆಗಳು, ಒಂದಕ್ಕೆ: 30ರಿಂದ 50 ಮಿಲಿಗ್ರಾಂ
• ಹಾಲು, ಮಜ್ಜಿಗೆ, ರಾಗಿ ಅಂಬಲಿ, ಎಳನೀರು, ಜೀರಿಗೆ-ಧನಿಯಾ ಕಷಾಯ: ಸ್ವಲ್ಪವೂ ಇಲ್ಲ

ಮಕ್ಕಳ ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ ಕೋಕೋ ಇದ್ದರೆ ಅದರಿಂದ ಕೆಲವೇ ಮಿಲಿಗ್ರಾಂ ಕೆಫೀನ್ ಸೇರುತ್ತದೆ. ಗ್ರೀನ್ ಟೀ, ಲೆಮನ್ ಟೀ ಎರಡೂ ಅದೇ ಟೀ ಗಿಡದ ಎಲೆಯಿಂದಲೇ ಆಗುವುದರಿಂದ ಅವುಗಳಲ್ಲೂ ಕೆಫೀನ್ ಇದ್ದೇ ಇದೆ.

ಇನ್ನೊಂದು ಸ್ವಾರಸ್ಯ ನೋಡಿ. ತೂಕಕ್ಕೆ ತೂಕ ಹೋಲಿಸಿದರೆ ಟೀ ಪುಡಿಯಲ್ಲೇ ಕೆಫೀನ್ ಹೆಚ್ಚು. ಒಣಗಿದ ಟೀ ಎಲೆಯಲ್ಲಿ ನೂರಕ್ಕೆ 2ರಿಂದ 4 ಭಾಗ ಕೆಫೀನ್ ಇದ್ದರೆ, ಅರೇಬಿಕಾ ಕಾಫಿ ಬೀಜದಲ್ಲಿ ಇರುವುದು 1ರಿಂದ 1.5 ಭಾಗ ಮಾತ್ರ. ಆದರೆ ಒಂದು ಲೋಟ ಟೀಗೆ 2 ಗ್ರಾಂ ಪುಡಿ ಸಾಕು. ಗಟ್ಟಿ ಕಾಫಿಗೆ 8ರಿಂದ 10 ಗ್ರಾಂ ಪುಡಿ ಬೇಕು. ಆದ್ದರಿಂದ ಲೋಟಕ್ಕೆ ಬರುವಾಗ ಕಾಫಿ ಮುಂದೆ ಹೋಗುತ್ತದೆ.

ಬಣ್ಣ ನೋಡಿ ಅಳೆಯಬೇಡಿ

ಹಾಲು ಗಟ್ಟಿಯಾಗಿ ಕಂಡರೂ ಡೇರಿಯಲ್ಲಿ ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಎಂದು ನೋಡಿಯೇ ಬೆಲೆ ಕಟ್ಟುತ್ತಾರೆ. ಟೀ ವಿಷಯವೂ ಹಾಗೆಯೇ. ಬಣ್ಣ ಕಡು ಆಗಿದ್ದ ಮಾತ್ರಕ್ಕೆ ಕೆಫೀನ್ ಹೆಚ್ಚು ಎಂದು ಹೇಳಲಾಗದು. ಕೆಫೀನಿಗೆ ಬಣ್ಣವೇ ಇಲ್ಲ. ಟೀಗೆ ಕೆಂಪು ಬಣ್ಣ ಮತ್ತು ನಾಲಿಗೆಗೆ ಒಗರು ಕೊಡುವುದು ಟ್ಯಾನಿನ್ ಜಾತಿಯ ವಸ್ತುಗಳು. ಕೆಫೀನ್ ಬಿಸಿ ನೀರಿಗೆ ಬೇಗ ಇಳಿಯುತ್ತದೆ, ಮೊದಲ ಕೆಲವೇ ನಿಮಿಷದಲ್ಲಿ ಹೆಚ್ಚಿನ ಪಾಲು ಬಂದುಬಿಡುತ್ತದೆ. ಆಮೇಲೆ ಎಷ್ಟು ಹೊತ್ತು ಕುದಿಸಿದರೂ ಹೆಚ್ಚಾಗುವುದು ಮುಖ್ಯವಾಗಿ ಒಗರು. ಬೆಳಗಿನ ಟೀ ಪುಡಿಯನ್ನು ಪಾತ್ರೆಯಲ್ಲೇ ಬಿಟ್ಟು, ಮೇಲೆ ಸ್ವಲ್ಪ ಹೊಸ ಪುಡಿ ಹಾಕಿ ಮತ್ತೆ ಮತ್ತೆ ಕುದಿಸುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಆ ಟೀಯಲ್ಲಿ ಸಿಗುವುದು ಒಗರೇ ಹೆಚ್ಚು.

ಹಾಲು ಹೆಚ್ಚು ಹಾಕಿದರೆ ಕೆಫೀನ್ ಸಾಯುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಅಷ್ಟೇ ಪುಡಿ ಹಾಕಿದ್ದರೆ ಪಾತ್ರೆಯಲ್ಲಿ ಅಷ್ಟೇ ಕೆಫೀನ್ ಇರುತ್ತದೆ. ಹಾಲು ಹೆಚ್ಚಾದಷ್ಟೂ ಲೋಟಕ್ಕೆ ಬೀಳುವ ಡಿಕಾಕ್ಷನ್ ಕಡಿಮೆಯಾಗುವುದರಿಂದ ಮಾತ್ರ ಲೆಕ್ಕ ಇಳಿಯುತ್ತದೆ. ಕಾಫಿಪುಡಿಗೆ ಬೆರೆಸುವ ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆದ್ದರಿಂದ ಚಿಕೋರಿ ಹೆಚ್ಚಿದ್ದಷ್ಟೂ ಕೆಫೀನ್ ಕಡಿಮೆ. ರೊಬಸ್ಟಾ ಬೀಜದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಎರಡೂ ಬೆಳೆಯುತ್ತವೆ, ಅಂಗಡಿಯ ಪುಡಿಯಲ್ಲಿ ಎರಡೂ ಬೆರೆತಿರಬಹುದು.

ದಿನಕ್ಕೆ ಎಷ್ಟು ಕುಡಿಯಬಹುದು?

ಅದೇ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು. ನಿಮ್ಮ ಮನೆಯ ಲೋಟಕ್ಕೆ ಎಷ್ಟು ಹಿಡಿಯುತ್ತದೆ ಎಂದು ಹಾಲಿನ ಅಳತೆಯಿಂದ ಒಮ್ಮೆ ನೋಡಿಕೊಳ್ಳಿ. ಹೋಟೆಲಿನ ಬೈ ಟೂ ಲೋಟಕ್ಕೆ 100 ಮಿಲಿ ಲೀಟರೂ ಹಿಡಿಯದು. ಮನೆಯ ದೊಡ್ಡ ಸ್ಟೀಲ್ ಲೋಟಕ್ಕೆ 200 ಹಿಡಿದೀತು.

100 ಮಿಲಿ ಲೀಟರಿನ ಆರು ಲೋಟ ಟೀ ಕುಡಿದರೆ ಸುಮಾರು 120ರಿಂದ 260 ಮಿಲಿಗ್ರಾಂ ಆಗುತ್ತದೆ, ಮಿತಿಯ ಒಳಗೇ ಇದೆ. ಅದೇ ಆರು ಲೋಟ 150 ಮಿಲಿ ಲೀಟರಿನದಾದರೆ 180ರಿಂದ 390ರವರೆಗೆ ಹೋಗುತ್ತದೆ, ಟೀ ಗಟ್ಟಿಯಾಗಿದ್ದರೆ ಮಿತಿ ದಾಟಿತು. ಗಟ್ಟಿ ಕಾಫಿಯಾದರೆ ಮೂರು ಲೋಟಕ್ಕೇ ಮಿತಿ ಮುಟ್ಟಬಹುದು. ಅಂದರೆ ಕೆಫೀನ್ ಒಂದನ್ನೇ ಲೆಕ್ಕ ಹಾಕಿದರೆ ಪಕ್ಕದ ಮನೆಯವರ ಮಾತು ಸರಿ, ಕಾಫಿಗಿಂತ ಟೀ ವಾಸಿ. ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ.

ಕೆಫೀನ್ ಕಡಿಮೆ, ಕಬ್ಬಿಣದ ನಷ್ಟ ಹೆಚ್ಚು

ಅತ್ತೆ ಹೇಳಿದ ರಕ್ತದ ಮಾತಿಗೆ ಈಗ ಬರೋಣ. ಟೀಯಿಂದ ರಕ್ತವೇನೂ ಒಣಗುವುದಿಲ್ಲ. ಆದರೆ ಹೊಸ ರಕ್ತ ಆಗಲು ಬೇಕಾದ ಕಬ್ಬಿಣಾಂಶ ಮೈಗೆ ಹತ್ತದಂತೆ ಅದು ತಡೆಯುತ್ತದೆ. ನಾವು ತಿಂದ ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣವನ್ನು ಟೀಯ ಒಗರು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದದ್ದು ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ.

1983ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಅಳೆದು ನೋಡಿದರು. ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಮೈಗೆ ಸೇರುವ ಕಬ್ಬಿಣ ನೂರಕ್ಕೆ 39 ಭಾಗ ಕಡಿಮೆಯಾಯಿತು. ಟೀ ಕುಡಿದಾಗ 64 ಭಾಗ ಕಡಿಮೆಯಾಯಿತು. ಕೆಫೀನ್ ಕಡಿಮೆ ಇರುವ ಟೀಯೇ ಕಬ್ಬಿಣವನ್ನು ಹೆಚ್ಚು ಕಸಿದುಕೊಂಡಿತು! ಇಲ್ಲಿ ತಪ್ಪು ಕೆಫೀನಿನದಲ್ಲ, ಒಗರಿನದು. ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ತಿಳಿಯಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ತೊಂದರೆಯಾಗಲಿಲ್ಲ. ಊಟವಾದ ಒಂದು ಗಂಟೆಗೆ ಕುಡಿದಾಗ ಮಾತ್ರ ಊಟದ ಜೊತೆ ಕುಡಿದಷ್ಟೇ ನಷ್ಟವಾಯಿತು.

ಇದು ನಮಗೆ ಯಾಕೆ ಮುಖ್ಯ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಡೇರಿಯ ಸಾಲಿನಲ್ಲಿ ನಿಮ್ಮ ಹಿಂದೆ ಮುಂದೆ ನಿಂತವರನ್ನು ನೆನೆಸಿಕೊಳ್ಳಿ, ಹೆಚ್ಚು ಕಡಿಮೆ ಇಬ್ಬರಲ್ಲಿ ಒಬ್ಬರು. ಹುಲ್ಲಿನ ಹೊರೆ ಹೊತ್ತು ಬರುವಾಗ ಏದುಸಿರು, ಕುಳಿತು ಎದ್ದಾಗ ಕಣ್ಣು ಕತ್ತಲೆ, ಸಂಜೆಗೆ ಕಾಲಲ್ಲಿ ಶಕ್ತಿ ಇಲ್ಲ. ಇದನ್ನು ಕೆಲಸದ ಸುಸ್ತು ಎಂದುಕೊಂಡು ಇನ್ನೊಂದು ಲೋಟ ಟೀ ಕುಡಿಯುತ್ತೇವೆ. ಆ ಟೀ ಊಟದ ಮೇಲೇ ಬಿದ್ದರೆ ಸುಸ್ತಿನ ಮೂಲವೇ ಹೆಚ್ಚುತ್ತದೆ. ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದರೆ ನಿಜ ಗೊತ್ತಾಗುತ್ತದೆ.

ಹಾಲು ಉತ್ಪಾದಕರ ಪತ್ರಿಕೆಯಾದರೂ ಇನ್ನೊಂದು ಮಾತು ಹೇಳಲೇಬೇಕು. ಹಾಲಿನಲ್ಲಿ ಕಬ್ಬಿಣಾಂಶ ಬಹಳ ಕಡಿಮೆ. ಅದರಲ್ಲಿರುವ ಸುಣ್ಣದ ಅಂಶವೂ ಕಬ್ಬಿಣ ಮೈಗೆ ಹತ್ತುವುದಕ್ಕೆ ಸ್ವಲ್ಪ ಅಡ್ಡ ಬರುತ್ತದೆ. ಆದ್ದರಿಂದ ಕಬ್ಬಿಣದ ಮಾತ್ರೆಯನ್ನು ಟೀಯಲ್ಲೂ ನುಂಗಬಾರದು, ಹಾಲಿನಲ್ಲೂ ನುಂಗಬಾರದು. ನೀರಿನಲ್ಲಿ ನುಂಗಬೇಕು. ನಿಂಬೆಹಣ್ಣಿನ ನೀರಾದರೆ ಇನ್ನೂ ಒಳ್ಳೆಯದು. ಸುಣ್ಣದ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ತೆಗೆದುಕೊಳ್ಳಬೇಡಿ, ನಡುವೆ ಎರಡು ಗಂಟೆ ಇರಲಿ.

ಗರ್ಭಿಣಿಯರು, ಬಾಣಂತಿಯರು

ಗಬ್ಬವಾದ ಹಸುವಿಗೆ ಈಯುವ ಎರಡು ತಿಂಗಳ ಮೊದಲೇ ಹಾಲು ಬಿಡಿಸುತ್ತೇವೆ. ಹೆಚ್ಚಿಗೆ ಹಿಂಡಿ ಇಡುತ್ತೇವೆ, ಖನಿಜ ಮಿಶ್ರಣ ಮರೆಯುವುದಿಲ್ಲ. ಮನೆಯಲ್ಲಿ ಗರ್ಭಿಣಿ ಸೊಸೆ ಇದ್ದರೆ ಅವಳ ತಟ್ಟೆಯ ಲೆಕ್ಕವನ್ನೂ ಅಷ್ಟೇ ಜತನದಿಂದ ಇಡಬೇಕಲ್ಲವೇ?

ಸಾಮಾನ್ಯವಾಗಿ ದೊಡ್ಡವರ ಮೈಯಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ತುಂಬು ಗರ್ಭಿಣಿಯಲ್ಲಿ ಅದಕ್ಕೆ 15 ಗಂಟೆಯವರೆಗೂ ಹಿಡಿಯಬಹುದು. ಬೆಳಿಗ್ಗೆ ಕುಡಿದ ಟೀ ರಾತ್ರಿಯೂ ಮೈಯಲ್ಲಿರುತ್ತದೆ, ಮೇಲೆ ಇನ್ನಷ್ಟು ಸೇರುತ್ತಾ ಹೋಗುತ್ತದೆ. ತಾಯಿಯ ರಕ್ತದಿಂದ ಅದು ಮಗುವಿಗೂ ಹೋಗುತ್ತದೆ. ಅದನ್ನು ಕರಗಿಸುವ ಶಕ್ತಿ ಹೊಟ್ಟೆಯ ಮಗುವಿಗೆ ಇರುವುದಿಲ್ಲ. ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಸೇವಿಸುವ ಗರ್ಭಿಣಿಯರು ಅದನ್ನು ಕಡಿಮೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದೆ. ಗರ್ಭ ನಷ್ಟವಾಗುವ, ಮಗು ಕಡಿಮೆ ತೂಕದಲ್ಲಿ ಹುಟ್ಟುವ ಅಪಾಯ ತಗ್ಗಿಸುವುದು ಇದರ ಉದ್ದೇಶ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಗರ್ಭಿಣಿಯರಿಗೂ ಬಾಣಂತಿಯರಿಗೂ 200 ಮಿಲಿಗ್ರಾಂ ಮಿತಿ ಇಟ್ಟಿದೆ. ದಿನಕ್ಕೆ ಎರಡು ಸಣ್ಣ ಲೋಟ ಟೀಗೆ ನಿಲ್ಲಿಸಿದರೆ ಯಾವ ಲೆಕ್ಕದಲ್ಲೂ ಚಿಂತೆಯಿಲ್ಲ.

ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿನಿಂದ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಕಬ್ಬಿಣದ ಮಾತ್ರೆಯನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟವೂ ಇದೆ. ಊಟ ಮಾಡಿ, ಮಾತ್ರೆ ನುಂಗಿ, ಮನೆಗೆ ಬಂದ ತಕ್ಷಣ ಟೀ ಕುಡಿದರೆ ಆ ಊಟದ್ದೂ ಮಾತ್ರೆಯದೂ ಪೂರ್ತಿ ಫಲ ಸಿಗುವುದಿಲ್ಲ. ಎರಡು ಗಂಟೆ ಕಾದರೆ ಸಿಗುತ್ತದೆ.

ಮಕ್ಕಳು, ನೈಟ್ ಶಿಫ್ಟಿನವರು

ಅಳುವ ಮಗುವಿಗೆ ಟೀಯಲ್ಲಿ ಬನ್ನು ಅದ್ದಿ ತಿನ್ನಿಸುವುದನ್ನು ನೋಡುತ್ತೇವೆ. ಪುಟ್ಟ ದೇಹಕ್ಕೆ ಸ್ವಲ್ಪ ಕೆಫೀನೂ ಹೆಚ್ಚೇ, ಬೆಳೆಯುವ ವಯಸ್ಸಿನಲ್ಲಿ ಕಬ್ಬಿಣದ ನಷ್ಟ ಬೇರೆ. ಶಾಲೆಯ ಮಕ್ಕಳಿಗೆ 2013ರಿಂದ ಕ್ಷೀರಭಾಗ್ಯದ ಹಾಲು ಸಿಗುತ್ತಿದೆ. ಆ ಹಾಲು ಹೋಗುವುದು ನಮ್ಮಂಥವರ ಕೊಟ್ಟಿಗೆಯಿಂದಲೇ. ನಮ್ಮ ಮನೆಯ ಮಗುವಿಗೆ ಟೀ ಕೊಟ್ಟು ಹಾಲನ್ನೆಲ್ಲ ಕ್ಯಾನಿಗೆ ಸುರಿಯುವುದು ಸರಿಯಲ್ಲ.

ದೊಡ್ಡ ಮಕ್ಕಳದು ಇನ್ನೊಂದು ಕಥೆ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಬೆಳ್ಳಂದೂರಿನ ಕಂಪನಿಗಳಿಗೆ, ಅತ್ತಿಬೆಲೆ, ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಗಳಿಗೆ ನಮ್ಮ ಮನೆಗಳಿಂದ ಹುಡುಗ ಹುಡುಗಿಯರು ಶಿಫ್ಟಿಗೆ ಹೋಗುತ್ತಾರೆ. ಕೆಲವರು ಕ್ಯಾಬ್ ಓಡಿಸುತ್ತಾರೆ. ನಿದ್ದೆ ತಡೆಯಲು ಮಷಿನ್ ಕಾಫಿ, ಅದು ಸಾಲದೆ ಎನರ್ಜಿ ಡ್ರಿಂಕ್. ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರುವ ಪಾನೀಯದ ಡಬ್ಬಿಯ ಮೇಲೆ, ಇದು ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ತಕ್ಕದ್ದಲ್ಲ, ದಿನಕ್ಕೆ 500 ಮಿಲಿ ಲೀಟರ್ ಮೀರಬಾರದು ಎಂದು ಮುದ್ರಿಸಬೇಕೆಂಬ ನಿಯಮವಿದೆ. ಸಣ್ಣ ಅಕ್ಷರದಲ್ಲಿರುತ್ತದೆ, ಮಕ್ಕಳಿಂದ ಓದಿಸಿ ಕೇಳಿ. ರಾತ್ರಿ ಮೂರು ಕಾಫಿ, ಎರಡು ಡಬ್ಬಿ ಕುಡಿದವರು 300 ಮಿಲಿಗ್ರಾಂ ದಾಟಿರುವ ಸಾಧ್ಯತೆಯೇ ಹೆಚ್ಚು. ಬೆಳಿಗ್ಗೆ ಮನೆಗೆ ಬಂದು ಮಲಗಿದರೂ ನಿದ್ದೆ ಹತ್ತುವುದಿಲ್ಲ.

ಉಪವಾಸದ ದಿನದ ತಲೆನೋವು

ಏಕಾದಶಿಯೋ ಸೋಮವಾರವೋ ಒಪ್ಪೊತ್ತಿದ್ದಾಗ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ. ಎಲ್ಲರೂ ಹಸಿವಿನಿಂದ ಎನ್ನುತ್ತಾರೆ. ಅಂದು ಟೀಯನ್ನೂ ಬಿಟ್ಟಿದ್ದರೆ ಅದೇ ಕಾರಣ ಇರಬಹುದು. ಅಭ್ಯಾಸವಾದ ಕೆಫೀನ್ ತಪ್ಪಿದರೆ 12ರಿಂದ 24 ಗಂಟೆಯಲ್ಲಿ ತಲೆನೋವು, ಸಿಡುಕು, ಜೋಮು ಶುರುವಾಗುತ್ತವೆ. ಆಗ ನುಂಗಿದ ತಲೆನೋವಿನ ಮಾತ್ರೆಯಲ್ಲೂ ಕೆಫೀನ್ ಇದ್ದರೆ ನೋವು ಬೇಗ ಇಳಿಯುತ್ತದೆ. ಹೀಗಾಗಿ ಟೀ ಕಡಿಮೆ ಮಾಡುವವರು ಒಂದೇ ದಿನಕ್ಕೆ ಬಿಡಬೇಡಿ. ವಾರಕ್ಕೆ ಒಂದು ಲೋಟದಂತೆ ಇಳಿಸಿ.

ಹೊತ್ತು ಬದಲಿಸಿದರೆ ಸಾಕು

ಇಷ್ಟು ಓದಿದ ಮೇಲೆ ಟೀ ಬಿಟ್ಟೇಬಿಡಬೇಕೆಂದು ಹೆದರಬೇಕಾಗಿಲ್ಲ. ಊಟಕ್ಕೆ ಒಂದು ಗಂಟೆ ಮೊದಲೂ ಒಂದು ಗಂಟೆ ಆಮೇಲೂ ಟೀ, ಕಾಫಿ ಬೇಡ ಎಂದು ಪೋಷಣಾ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಊಟದ ಆಮೇಲಿನ ಅಂತರವನ್ನು ಎರಡು ಗಂಟೆಗೆ ಏರಿಸಿದರೆ ಇನ್ನೂ ಒಳ್ಳೆಯದು. ನಮ್ಮ ದಿನಚರಿಗೆ ಇದನ್ನು ಹೀಗೆ ಹೊಂದಿಸಬಹುದು:

• ಬೆಳಗಿನ ಜಾವದ ಟೀ ಬಿಡಬೇಕಾಗಿಲ್ಲ. ತಿಂಡಿಗೆ ಇನ್ನೂ ಬಹಳ ಹೊತ್ತಿರುವುದರಿಂದ ಕಬ್ಬಿಣಕ್ಕೆ ತೊಂದರೆ ಇಲ್ಲ. ಹೊಟ್ಟೆ ಉರಿ ಇರುವವರು ಮೊದಲು ನೀರು ಕುಡಿದು ಏನಾದರೂ ಸ್ವಲ್ಪ ತಿನ್ನಿ.
• ಡೇರಿಯಿಂದ ಏಳು ಗಂಟೆಗೆ ಬಂದು ಕುಡಿಯುವ ಟೀಯೂ ಇರಲಿ, ತಿಂಡಿ ಎಂಟೂವರೆಗೆ ಆಗುವುದಾದರೆ.
• ತಿಂಡಿಯ ಜೊತೆಗಿನ ಟೀ ಬಿಡಿ. ಬೇಕೆನಿಸಿದರೆ ಹತ್ತೂವರೆಗೆ, ಹೊಲದ ಕೆಲಸದ ನಡುವೆ ಕುಡಿಯಿರಿ.
• ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ. ಕಬ್ಬಿಣದ ಮಾತ್ರೆ ಇದ್ದರೆ ಈಗಲೇ ನುಂಗಿ. ಊಟದ ಮೇಲಿನ ಟೀ ಬೇಡ.
• ಮೂರೂವರೆ, ನಾಲ್ಕರ ಹೊತ್ತಿಗೆ ಸಂಜೆ ಹಾಲು ಕರೆಯುವ ಮುಂಚಿನ ಟೀಯೇ ದಿನದ ಕೊನೆಯದಾಗಲಿ. ಏಳು ಗಂಟೆಗೆ ಕುಡಿದ ಟೀಯ ಅರ್ಧದಷ್ಟು ಕೆಫೀನ್ ರಾತ್ರಿ ಹನ್ನೆರಡಕ್ಕೂ ಮೈಯಲ್ಲಿರುತ್ತದೆ. ನಾಲ್ಕೂವರೆಗೆ ಏಳುವವರಿಗೆ ಆ ನಿದ್ದೆ ಬಹಳ ಮುಖ್ಯ.
• ಸಂಜೆ ಡೇರಿಯಿಂದ ಬಂದ ಮೇಲೆ ಅಂಬಲಿ, ಕಷಾಯ ಅಥವಾ ಮಜ್ಜಿಗೆ. ಮಲಗುವ ಮುಂಚೆ ಒಂದು ಲೋಟ ಬಿಸಿ ಹಾಲು.

ಹೀಗೆ ಮಾಡಿದರೆ ಆರು ಲೋಟ ನಾಲ್ಕಕ್ಕೆ ಇಳಿಯುತ್ತದೆ, ಬೆಳಗಿನ ಟೀಯ ಸುಖವೂ ಉಳಿಯುತ್ತದೆ. ಖರ್ಚಿಲ್ಲ, ಇದ್ದ ಖರ್ಚೂ ಸ್ವಲ್ಪ ಕಡಿಮೆಯಾಗುತ್ತದೆ.

ಕೊನೆಯ ಮಾತು ಹಾಲಿನದು. 200 ಮಿಲಿ ಲೀಟರ್ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಸುಣ್ಣದ ಅಂಶವಿದೆ, ಮೂಳೆಗೆ ಬೇಕಾದ ಪ್ರೋಟೀನ್ ಇದೆ, ಕೆಫೀನ್ ಇಲ್ಲ. ಎರಡು ಹೊತ್ತೂ ಹಾಲು ಕರೆಯುವ ಕೈಗಳಿಗೆ ದಿನಕ್ಕೆ ಒಂದು ಲೋಟ ಹಾಲು ಹೆಚ್ಚಲ್ಲ. ಸಂಜೆ ಡೇರಿಗೆ ಹೊರಡುವ ಮುನ್ನ ಆ ಒಂದು ಲೋಟ ಹಾಲನ್ನು ಮನೆಯ ಪಾತ್ರೆಗೆ ಎತ್ತಿಟ್ಟು, ಆಮೇಲೆ ಕ್ಯಾನಿನ ಮುಚ್ಚಳ ಹಾಕಿ. ನಾಳೆ ಸಾಲಿನಲ್ಲಿ ನಿಂತಾಗ ಪಕ್ಕದವರನ್ನೂ ಕೇಳಿ: ರಕ್ತ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು, ಮಾತ್ರೆ ಯಾವ ಹೊತ್ತಿಗೆ ನುಂಗುತ್ತೀರಿ, ಟೀ ಯಾವ ಹೊತ್ತಿಗೆ ಕುಡಿಯುತ್ತೀರಿ ಎಂದು.